ಪೂರ್ತಿ ಪುಟ ಓದಿ: ಅಮೆರಿಕದ ಮೊದಲ ಯುದ್ಧಗಳ ಆದೇಶ ಪುಸ್ತಕಗಳು

1776ರ ಜುಲೈ 9. ಊರು ನ್ಯೂಯಾರ್ಕ್. ಬ್ರಿಟಿಷರ ವಿರುದ್ಧ ಅಮೆರಿಕದ ಸ್ವಾತಂತ್ರ್ಯ ಯುದ್ಧ ನಡೆಯುತ್ತಿದೆ. ಜಾರ್ಜ್ ವಾಷಿಂಗ್ಟನ್‌ನ ಸೈನ್ಯಕ್ಕೆ ಅವತ್ತು ಹೊರಟ ಆದೇಶದಲ್ಲಿ ಏನೇನಿತ್ತು ಅಂತ, ಬರೆದಿರುವ ಕ್ರಮದಲ್ಲೇ ಹೇಳುತ್ತೇನೆ. ಮೊದಲಿಗೆ ಇಬ್ಬರು ಸಿಪಾಯಿಗಳ ಹೆಸರು, ಜಾನ್ ಎವನ್ಸ್ ಮತ್ತು ಹಾಪ್ಕಿನ್ಸ್ ರೈಸ್. ದಂಡು ಬಿಟ್ಟು ಓಡಿಹೋದ ತಪ್ಪಿಗೆ ಇಬ್ಬರಿಗೂ ತಲಾ 39 ಚಾಟಿಯೇಟು. ಶಿಕ್ಷೆಗೆ ಜನರಲ್ ಒಪ್ಪಿಗೆ ಕೊಟ್ಟಿದ್ದಾನೆ, ಮಾಮೂಲಿ ಹೊತ್ತಿಗೆ ಮಾಮೂಲಿ ಜಾಗದಲ್ಲಿ ಜಾರಿ ಮಾಡಬೇಕು. ಆಮೇಲೆ, ಊರಿನಿಂದ ಹೊರಗೆ ಹೋಗುವವರಿಗೆ ಪಾಸ್ ಕೊಡುವವರು ಯಾರು ಅಂತ ಮೂರು ಹೆಸರು. ಅದಾದ ಮೇಲೆ, ಪ್ರತಿ ರೆಜಿಮೆಂಟಿಗೂ ಒಬ್ಬ ಪಾದ್ರಿಯನ್ನು ಇಟ್ಟುಕೊಳ್ಳಲು ಕಾಂಗ್ರೆಸ್ (ವಸಾಹತುಗಳ ಪ್ರತಿನಿಧಿಗಳ ಸಭೆ) ಒಪ್ಪಿದೆ, ಸಂಬಳ ತಿಂಗಳಿಗೆ 33 ಡಾಲರ್, ಮೇಲೆ ಒಂದು ಡಾಲರಿನ ಮೂರನೇ ಒಂದು ಭಾಗ.

ಇಷ್ಟೆಲ್ಲ ಆದ ಮೇಲೆ ಬರುತ್ತದೆ ನೋಡಿ, ಜಗತ್ತಿಗೆಲ್ಲ ಗೊತ್ತಿರುವ ಸುದ್ದಿ. ಈ ವಸಾಹತುಗಳು ಇನ್ನು ಮೇಲೆ ಸ್ವತಂತ್ರ ರಾಜ್ಯಗಳು ಅಂತ ಕಾಂಗ್ರೆಸ್ ಘೋಷಿಸಿದೆ, ಎಲ್ಲ ಬ್ರಿಗೇಡುಗಳೂ ಸಂಜೆ ಆರು ಗಂಟೆಗೆ ತಮ್ಮ ತಮ್ಮ ಮೈದಾನದಲ್ಲಿ ಸಾಲಾಗಿ ನಿಲ್ಲಬೇಕು, ಘೋಷಣೆಯನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಬೇಕು. ಘೋಷಣೆಯ ಪ್ರತಿಗಳನ್ನು ಎಲ್ಲಿಂದ ತೆಗೆದುಕೊಂಡು ಹೋಗಬೇಕು ಅನ್ನುವುದೂ ಅಲ್ಲೇ ಇದೆ.

ಇತಿಹಾಸದ ಪುಸ್ತಕಗಳು ನಮಗೆ ತೋರಿಸುವುದು ಆ ಕೊನೆಯ ಭಾಗ ಒಂದನ್ನೇ. ಆದರೆ ಅವತ್ತು ಸಾಲಿನಲ್ಲಿ ನಿಂತಿದ್ದ ಸಿಪಾಯಿಗೆ ನಾಲ್ಕೂ ಒಂದೇ ದಿನದ ಸುದ್ದಿ. ಚಾಟಿಯೇಟು, ಪಾಸು, ಪಾದ್ರಿಯ ಸಂಬಳ, ಸ್ವಾತಂತ್ರ್ಯ. ಒಂದು ಪ್ರಖ್ಯಾತ ವಾಕ್ಯವನ್ನು ಕಿತ್ತು ತೆಗೆದು ಉಳಿದದ್ದನ್ನು ಬಿಟ್ಟರೆ ನಮಗೆ ಸಿಗುವುದು ಭಾಷಣ, ಪೂರ್ತಿ ಪುಟ ಓದಿದರೆ ಸಿಗುವುದು ಆ ದಿನ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದನ್ನೇ. (ಇದು ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಮರುದಿನದ ಪುಟವನ್ನೂ ಸ್ವಲ್ಪ ನೋಡಿಬಿಡೋಣ. ಘೋಷಣೆ ಓದಿದ ರಾತ್ರಿ ಜನ, ಸಿಪಾಯಿಗಳು ಎಲ್ಲ ಸೇರಿ ಬೌಲಿಂಗ್ ಗ್ರೀನ್‌ನಲ್ಲಿದ್ದ ಬ್ರಿಟನ್ನಿನ ಮೂರನೇ ಜಾರ್ಜ್ ದೊರೆಯ ಪ್ರತಿಮೆಯನ್ನು ಕೆಡವಿದರು. ಅದು ಸೀಸದ ಪ್ರತಿಮೆ, ಮೇಲೆ ಚಿನ್ನದ ಲೇಪ. ಮುಂದೆ ಆ ಸೀಸ ಕನೆಕ್ಟಿಕಟ್‌ನ ಲಿಚ್‌ಫೀಲ್ಡ್‌ಗೆ ಹೋಯಿತು, ಕರಗಿಸಿ 42,088 ಗುಂಡು ಮಾಡಿದರು. ಈ ಕಥೆ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆದರೆ ಜುಲೈ 10ರ ಆದೇಶದಲ್ಲಿ ವಾಷಿಂಗ್ಟನ್ ಚಪ್ಪಾಳೆ ತಟ್ಟಿಲ್ಲ. ಕೆಡವಿದವರಿಗೆ ದೇಶದ ಮೇಲೆ ಪ್ರೀತಿ ಇತ್ತು, ಅದರಲ್ಲಿ ಅನುಮಾನವಿಲ್ಲ, ಆದರೆ ನೋಡಿದವರಿಗೆ ಇದು ದೊಂಬಿಯ ಥರ ಕಾಣುತ್ತದೆ, ಸೈನ್ಯದಲ್ಲಿ ಶಿಸ್ತಿಲ್ಲ ಅನ್ನಿಸುತ್ತದೆ, ಇನ್ನು ಮೇಲೆ ಇಂಥ ಕೆಲಸವನ್ನು ಸಿಪಾಯಿಗಳು ಮಾಡಕೂಡದು ಅಂತ ಬರೆಸಿದ್ದಾನೆ. ಎರಡು ದಿನದ ಎರಡು ಪುಟ ಜೊತೆಗಿಟ್ಟುಕೊಂಡರೆ ಆ ಮನುಷ್ಯನ ತಲೆನೋವು ಏನು ಅಂತ ಅರ್ಥ ಆಗುತ್ತದೆ, ಅಲ್ವಾ? ದೊರೆಯ ವಿರುದ್ಧ ದಂಗೆ ಎದ್ದವರನ್ನೇ ಕಟ್ಟಿಕೊಂಡು ಹೇಳಿದ ಮಾತು ಕೇಳುವ ಸೈನ್ಯ ಕಟ್ಟಬೇಕಿತ್ತು ಅವನು.

ಈಗ ಈ ಪುಸ್ತಕಗಳು ಅಂದರೆ ಏನು, ಹೇಗೆ ತಯಾರಾಗುತ್ತಿದ್ದವು ಅಂತ ಹೇಳಬೇಕು. ಇಂಗ್ಲಿಷಿನಲ್ಲಿ ಇವಕ್ಕೆ ಆರ್ಡರ್ಲಿ ಬುಕ್ ಅನ್ನುತ್ತಾರೆ, ನಾನು ಆದೇಶ ಪುಸ್ತಕ ಅಂತಲೇ ಕರೆಯುತ್ತೇನೆ. ಆಗ ಶಿಬಿರದಲ್ಲಿ ಅಚ್ಚು ಹಾಕಿಸಿ ಹಂಚುವುದು ದಿನನಿತ್ಯದ ಮಾತಾಗಿರಲಿಲ್ಲ. ಪ್ರಧಾನ ಸೇನಾಧಿಪತಿಯ ಸಹಾಯಕರು ಆ ದಿನದ ಆದೇಶವನ್ನು ಸಿದ್ಧ ಮಾಡುತ್ತಿದ್ದರು. ಗೊತ್ತಾದ ಹೊತ್ತಿಗೆ ಪ್ರತಿ ಬ್ರಿಗೇಡಿನಿಂದ ಬ್ರಿಗೇಡ್ ಮೇಜರ್ ತನ್ನ ಪುಸ್ತಕ ಹಿಡಿದು ಅಡ್ಜುಟೆಂಟ್ ಜನರಲ್ (ಸೈನ್ಯದ ಆಡಳಿತ ನೋಡುವ ಅಧಿಕಾರಿ) ಕಚೇರಿಗೆ ಬಂದು, ಶಾಲೆಯಲ್ಲಿ ಮೇಷ್ಟ್ರು ಉಕ್ತಲೇಖನ ಕೊಟ್ಟ ಹಾಗೆ, ಕೇಳಿಕೊಂಡು ಬರೆದುಕೊಳ್ಳುತ್ತಿದ್ದ. ಅವನು ವಾಪಸ್ ಹೋಗಿ ತನ್ನ ಕೆಳಗಿನ ರೆಜಿಮೆಂಟುಗಳ ಅಡ್ಜುಟೆಂಟ್‌ಗಳಿಗೆ ಹೇಳಿ ಬರೆಸುತ್ತಿದ್ದ, ಅವರು ತಮ್ಮ ತಮ್ಮ ತುಕಡಿಗಳ ಸಾರ್ಜೆಂಟ್‌ಗಳಿಗೆ ಬರೆಸುತ್ತಿದ್ದರು, ಸಾರ್ಜೆಂಟ್ ಅದನ್ನು ತನ್ನ ಅಧಿಕಾರಿಗೆ ತೋರಿಸಿ ಸಿಪಾಯಿಗಳಿಗೆ ತಿಳಿಸುತ್ತಿದ್ದ. 1779ರಲ್ಲಿ ಬ್ಯಾರನ್ ಫಾನ್ ಸ್ಟೂಬೆನ್ ಬರೆದ ಸೈನ್ಯದ ನಿಯಮ ಪುಸ್ತಕದಲ್ಲಿ ಇದು ಸ್ಪಷ್ಟವಾಗಿಯೇ ಇದೆ: ತುಕಡಿಯ ಮೊದಲನೇ ಸಾರ್ಜೆಂಟ್ ದಿನದ ಆದೇಶವನ್ನು ಅದಕ್ಕೆಂದೇ ಇಟ್ಟ ಪುಸ್ತಕದಲ್ಲಿ ಬರೆದುಕೊಂಡು ಅಧಿಕಾರಿಗಳಿಗೆ ತೋರಿಸಬೇಕು.

ಹಾಗಾಗಿ ಒಂದೇ ಆದೇಶಕ್ಕೆ ನೂರಾರು ಕೈಬರಹದ ಪ್ರತಿ. ಮೇಲಿನಿಂದ ಕೆಳಗೆ ಬರುತ್ತಾ ಬರುತ್ತಾ ಮಾತು ಸವೆಯುತ್ತದೆ. ಮೇಲೆ ಉದ್ದುದ್ದ ವಾಕ್ಯವಾಗಿ ಹೊರಟದ್ದು ಕೆಳಗೆ ಎರಡು ಸಾಲಾಗಿರುತ್ತದೆ. ಊರಿನ ಹೆಸರು ಒಬ್ಬ ಒಂದು ಥರ ಬರೆದರೆ ಇನ್ನೊಬ್ಬ ಇನ್ನೊಂದು ಥರ. ಕೆಲವು ಸಾರ್ಜೆಂಟ್‌ಗಳು ಕಿವಿಗೆ ಕೇಳಿದಂತೆಯೇ ಬರೆದಿದ್ದಾರೆ. ನನಗೆ ಈ ಕೆಳಗಿನ ಪುಸ್ತಕಗಳ ಮೇಲೇ ಪ್ರೀತಿ ಜಾಸ್ತಿ. ಸೇನಾಧಿಪತಿ ಏನು ಹೇಳಿದ ಅನ್ನುವುದು ಮೇಲಿನ ಪ್ರತಿಯಲ್ಲಿದೆ, ಸಿಪಾಯಿಯ ಕಿವಿಗೆ ಏನು ಬಿತ್ತು ಅನ್ನುವುದು ಕೆಳಗಿನದರಲ್ಲಿ.

ದಿನದ ಆದೇಶದ ತಲೆಯ ಮೇಲೆ ಎರಡು ಗುಟ್ಟಿನ ಪದ ಇರುತ್ತಿದ್ದವು. ರಾತ್ರಿ ಕಾವಲಿನವನು ತಡೆದಾಗ ಇವುಗಳಿಂದಲೇ ನಮ್ಮವನೋ ಪರರವನೋ ಅಂತ ತಿಳಿಯಬೇಕು. ವಾಷಿಂಗ್ಟನ್ ಬಾಸ್ಟನ್ ಹತ್ತಿರದ ಕೇಂಬ್ರಿಜ್‌ನಲ್ಲಿ ಸೈನ್ಯದ ಹೊಣೆ ಹೊತ್ತದ್ದು 1775ರ ಜುಲೈ 3ರಂದು. ಮರುದಿನದ ಪದಗಳು ಅಬಿಂಗ್ಟನ್, ಬೆಡ್‌ಫರ್ಡ್. ಎರಡೂ ಊರಿನ ಹೆಸರು. ಅದೇ ಜುಲೈ 4ರ ಆದೇಶದಲ್ಲಿ ಅವನು, ಇನ್ನು ಮೇಲೆ ನೀವೆಲ್ಲ ಸಂಯುಕ್ತ ಪ್ರಾಂತಗಳ ಸೈನ್ಯ, ಆ ವಸಾಹತಿನವನು ಈ ವಸಾಹತಿನವನು ಅನ್ನುವ ಭೇದ ಬಿಟ್ಟುಬಿಡಿ ಅಂದ. ಅದರ ಜೊತೆಗೇ ಕೆಟ್ಟ ಮಾತು ಆಡಬೇಡಿ, ಕುಡಿಯಬೇಡಿ ಅಂತಲೂ ಅಂದ.

ಸಮವಸ್ತ್ರವೇ ಇಲ್ಲದ ಸೈನ್ಯ ಅದು. ಯಾರು ಅಧಿಕಾರಿ, ಯಾರು ಸಿಪಾಯಿ ಅಂತ ಗೊತ್ತೇ ಆಗುತ್ತಿರಲಿಲ್ಲ. ಕಾವಲಿನವನು ಸ್ವತಃ ಜನರಲ್‌ನನ್ನೇ ತಡೆದು ನಿಲ್ಲಿಸುವ ಪರಿಸ್ಥಿತಿ. ಅದಕ್ಕೇ ಜುಲೈ ತಿಂಗಳ ಪುಟಗಳಲ್ಲಿ ಬಣ್ಣದ ಪಟ್ಟಿಗಳ ಲೆಕ್ಕ ಬರುತ್ತದೆ. ಪ್ರಧಾನ ಸೇನಾಧಿಪತಿಯ ಎದೆಯ ಮೇಲೆ ಅಡ್ಡಲಾಗಿ ತಿಳಿನೀಲಿ ಪಟ್ಟಿ. ಅವನ ಕೆಳಗಿನ ಜನರಲ್‌ಗಳಿಗೆ ಗುಲಾಬಿ, ಸಹಾಯಕರಿಗೆ ಹಸಿರು. ಸಾರ್ಜೆಂಟ್‌ಗೆ ಬಲ ಹೆಗಲ ಮೇಲೆ ಒಂದು ತುಂಡು ಕೆಂಪು ಬಟ್ಟೆ, ಕಾರ್ಪೊರಲ್‌ಗೆ ಹಸಿರು ಬಟ್ಟೆ. ಹಣವಿಲ್ಲದ ಸೈನ್ಯ ಬಟ್ಟೆ ಚೂರಿನಲ್ಲಿ ಮೇಲು ಕೀಳು ಗುರುತಿಸಿಕೊಂಡದ್ದು ಇದು.

ಇನ್ನೊಂದು ಪುಟ ನನಗೆ ಬಹಳ ಇಷ್ಟ, 1775ರ ಆಗಸ್ಟ್ 22ರದ್ದು. ಸೆಕೆ ಇದೆ, ನದಿಯಲ್ಲಿ ಸ್ನಾನ ಮಾಡಿ, ಬೇಡ ಅನ್ನುವುದಿಲ್ಲ, ಆದರೆ ಕೇಂಬ್ರಿಜ್ ಸೇತುವೆಯ ಹತ್ತಿರ ಮಾಡಬೇಡಿ, ಅಲ್ಲಿ ಬತ್ತಲೆ ಓಡಾಡುತ್ತಿದ್ದೀರಿ, ಊರಿನ ದೊಡ್ಡ ಮನೆಯ ಹೆಂಗಸರು ಅದೇ ಸೇತುವೆ ಮೇಲೆ ಹೋಗುತ್ತಾರೆ, ನಿಮಗೆ ನಾಚಿಕೆಯೇ ಇಲ್ಲವೇ ಅಂತ. ಓದಿ ನಗು ಬರುತ್ತದೆ, ಸರಿ. ಆದರೆ ಆ ಹುಡುಗರು ಎಷ್ಟು ಎಳೆಯರು, ಮನೆ ಬಿಟ್ಟು ಬಂದು ಎಷ್ಟು ದಿನವಾಗಿತ್ತು, ಬೇಸಿಗೆ ಹೇಗಿತ್ತು ಅನ್ನುವುದೆಲ್ಲ ಈ ಒಂದು ಬೈಗುಳದಲ್ಲಿ ಸಿಗುವಷ್ಟು ಇನ್ನೆಲ್ಲೂ ಸಿಗುವುದಿಲ್ಲ.

ಈ ಪುಸ್ತಕಗಳನ್ನು ಓದುವುದಕ್ಕೆ ಒಂದು ಕ್ರಮ ಇದೆ. ಒಂದು ಆದೇಶ ಒಂದೇ ಸಲ ಬಂದರೆ ಅದು ಪಾಲನೆಯಾಯಿತು ಅಂದುಕೊಳ್ಳಬಹುದು. ಅದೇ ಆದೇಶ ತಿರುಗಿ ತಿರುಗಿ ಬಂದರೆ ಯಾರೂ ಕೇಳುತ್ತಿಲ್ಲ ಅಂತ ಅರ್ಥ. ಚೊಕ್ಕಟದ ವಿಷಯ ಹಾಗೆಯೇ. ಪಾಯಿಖಾನೆ ಗುಂಡಿ ತೋಡಿ, ಮಣ್ಣು ಮುಚ್ಚಿ, ಕಸ ಹೂಳಿ ಅಂತ ಯುದ್ಧ ಪೂರ್ತಿ ಹೇಳುತ್ತಲೇ ಇದ್ದಾರೆ. ವ್ಯಾಲಿ ಫೋರ್ಜ್ ಶಿಬಿರದಲ್ಲಿ, 1778ರ ಮಾರ್ಚ್‌ನಲ್ಲಿ, ಸತ್ತ ಕುದುರೆಗಳು ಇನ್ನೂ ಹಾಗೇ ಬಿದ್ದಿವೆ, ಗುಡಿಸಲುಗಳ ನಡುವೆ ಹೊಲಸು ತುಂಬಿದೆ ಅಂತ ಆದೇಶದಲ್ಲೇ ಬರೆದಿದೆ. ಆ ಚಳಿಗಾಲದಲ್ಲಿ ಅಲ್ಲಿ ಸತ್ತವರಲ್ಲಿ ಹೆಚ್ಚಿನವರು ಕಾಯಿಲೆಯಿಂದ ಸತ್ತವರು. ಆ ಸಾವುಗಳ ಹಿಂದಿನ ಕಾರಣ ಈ ಬೇಸರದ ಪುಟಗಳಲ್ಲಿ ಕಣ್ಣಿಗೆ ಕಾಣುತ್ತದೆ.

ವ್ಯಾಲಿ ಫೋರ್ಜ್ ಅಂದ ಕೂಡಲೇ ಹಿಮದಲ್ಲಿ ಬರಿಗಾಲಿನ ಸಿಪಾಯಿಗಳ ಚಿತ್ರ ನೆನಪಾಗುತ್ತದೆ. ನಾನು 1777ರ ಡಿಸೆಂಬರ್ 18ರ ಆದೇಶ ನೆನಪಿಸಿಕೊಳ್ಳುತ್ತೇನೆ. ಗುಡಿಸಲು ಕಟ್ಟುವ ಅಳತೆ ಅದರಲ್ಲಿದೆ: 14 ಅಡಿಗೆ 16 ಅಡಿ, ಗೋಡೆಗೆ ಮರದ ದಿಮ್ಮಿ, ಸಂದಿಗೆ ಜೇಡಿಮಣ್ಣು, ಗೋಡೆಯ ಎತ್ತರ ಆರೂವರೆ ಅಡಿ, ಒಂದು ಗುಡಿಸಲಿಗೆ ಹನ್ನೆರಡು ಜನ. ಪ್ರತಿ ರೆಜಿಮೆಂಟಿನಲ್ಲಿ ಎಲ್ಲರಿಗಿಂತ ಬೇಗ, ಚೆನ್ನಾಗಿ ಕಟ್ಟಿದ ತಂಡಕ್ಕೆ 12 ಡಾಲರ್ ಬಹುಮಾನ. ಹಲಗೆ ಸಿಗುವುದಿಲ್ಲ, ಅದಕ್ಕೆ ಬದಲಾಗಿ ಕಡಿಮೆ ಖರ್ಚಿನಲ್ಲಿ, ಬೇಗ ಆಗುವಂತೆ ಸೂರು ಹೊದಿಸುವ ಉಪಾಯ ಹೇಳಿದವರಿಗೆ 100 ಡಾಲರ್. ನೆಲದ ಮೇಲೆ 14 ಅಡಿ, 16 ಅಡಿ ಅಳೆದು ಗೆರೆ ಎಳೆದು, ಅದರೊಳಗೆ ಹನ್ನೆರಡು ಜನ ದೊಡ್ಡವರನ್ನು ನಿಲ್ಲಿಸಿ ನೋಡಿ. ಒಬ್ಬನಿಗೆ ಜ್ವರ ಬಂದರೆ ಉಳಿದ ಹನ್ನೊಂದು ಜನ ಎಲ್ಲಿ ಮಲಗಬೇಕು?

ಆದೇಶ ಹೇಳುವುದು ಎಷ್ಟು ಮುಖ್ಯವೋ, ಮುಚ್ಚಿಡುವುದೂ ಅಷ್ಟೇ ಮುಖ್ಯ. 1775ರ ಆಗಸ್ಟ್ 4ರ ಆದೇಶ ತೆಗೆಯಿರಿ. ಎಷ್ಟು ಸಲ ಹೇಳಿದರೂ ಶಿಬಿರದಲ್ಲಿ ಸುಮ್ನೆ ಬಂದೂಕು ಹಾರಿಸುವುದು ನಿಂತಿಲ್ಲ, ದಿನವೂ, ಗಂಟೆಗೊಮ್ಮೆ ನಡೆಯುತ್ತಿದೆ, ಶತ್ರುವಿಗೆ ತಾಗುವ ಸಾಧ್ಯತೆಯೇ ಇಲ್ಲದಷ್ಟು ದೂರದಿಂದ ಹಾರಿಸುತ್ತಿದ್ದಾರೆ, ಇದನ್ನು ಕಂಡು ಜನರಲ್‌ಗೆ ಸಿಟ್ಟೂ ಬಂದಿದೆ, ನಾಚಿಕೆಯೂ ಆಗಿದೆ. ಬರೀ ಶಿಸ್ತಿನ ಮಾತು ಅನ್ನಿಸುತ್ತದೆ ಅಲ್ವಾ? ಆದರೆ ಅದೇ ದಿನ ವಾಷಿಂಗ್ಟನ್ ಕಾಂಗ್ರೆಸ್‌ಗೆ ಬರೆದ ಪತ್ರ ಪಕ್ಕದಲ್ಲಿಟ್ಟುಕೊಳ್ಳಿ. ಸೈನ್ಯದ ಹತ್ತಿರ ಇರುವ ಬಂದೂಕಿನ ಮದ್ದು ಆಳಿಗೆ ಒಂಬತ್ತು ಸುತ್ತಿಗೂ ಮೀರಿ ಬರುವುದಿಲ್ಲ ಅಂತ ಅವನಿಗೆ ಆಗತಾನೆ ಗೊತ್ತಾಗಿತ್ತು. ಮುಂಚೆ ಕೊಟ್ಟಿದ್ದ ಲೆಕ್ಕವೇ ತಪ್ಪಾಗಿತ್ತು. ಸುದ್ದಿ ಕೇಳಿ ಅವನು ಅರ್ಧ ಗಂಟೆ ಒಂದು ಮಾತೂ ಆಡಲಿಲ್ಲ ಅಂತ ಜತೆಗಿದ್ದ ಜನರಲ್ ಜಾನ್ ಸಲಿವನ್ ಬರೆದಿದ್ದಾನೆ. ಎದುರಿಗೆ ಬಾಸ್ಟನ್ ಊರಿನಲ್ಲಿ ಬ್ರಿಟಿಷ್ ಸೈನ್ಯ ಕೂತಿದೆ. ಮದ್ದಿಲ್ಲ ಅಂತ ಆದೇಶದಲ್ಲಿ ಬರೆಸುವ ಹಾಗಿಲ್ಲ, ನೂರಾರು ಕೈಗೆ ಹೋಗುವ ಕಾಗದ ಅದು, ಒಂದು ಪ್ರತಿ ಆಚೆಗೆ ಹೋದರೂ ಕಥೆ ಮುಗಿಯಿತು. ಹಾಗಾಗಿ ಕಾರಣ ಹೇಳದೆ ಬೈದ. ಆದೇಶ ಪುಸ್ತಕವೊಂದನ್ನೇ ಹಿಡಿದು ಕೂತವರಿಗೆ ಈ ಬೈಗುಳದ ಹಿಂದಿನ ಭಯ ಗೊತ್ತಾಗುವುದೇ ಇಲ್ಲ.

ತೀರ್ಮಾನಗಳು ಬದಲಾಗುವುದೂ ಇಲ್ಲಿ ದಿನಾಂಕ ಸಮೇತ ಸಿಗುತ್ತದೆ. ಬಂಕರ್ ಹಿಲ್ ಕಾಳಗದಲ್ಲಿ ಕಪ್ಪು ಜನರೂ ಹೋರಾಡಿದ್ದರು. ಆದರೂ 1775ರ ನವೆಂಬರ್ 12ರ ಆದೇಶ ಏನು ಹೇಳುತ್ತದೆ? ಹೊಸದಾಗಿ ಸೇರಿಸಿಕೊಳ್ಳುವಾಗ ನೀಗ್ರೋಗಳು, ಆಯುಧ ಹೊರಲಾರದ ಹುಡುಗರು, ಮುದುಕರು, ಈ ಮೂವರೂ ಬೇಡ. ಡಿಸೆಂಬರ್ 30ರ ಆದೇಶ ಬೇರೆ. ಸ್ವತಂತ್ರರಾಗಿರುವ ನೀಗ್ರೋಗಳು ಸೇರಲು ಬಯಸುತ್ತಿದ್ದಾರಂತೆ, ಸೇರಿಸಿಕೊಳ್ಳಿ, ಕಾಂಗ್ರೆಸ್ ಮುಂದೆ ವಿಷಯ ಇಡುತ್ತೇನೆ ಅಂತ. ಎರಡು ತಿಂಗಳೂ ಆಗಿಲ್ಲ. ನಡುವೆ ಏನಾಯಿತು? ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಲಾರ್ಡ್ ಡನ್‌ಮೋರ್, ದಂಗೆಕೋರರ ಗುಲಾಮರು ತನ್ನ ಕಡೆ ಬಂದು ಆಯುಧ ಹಿಡಿದರೆ ಬಿಡುಗಡೆ ಕೊಡುತ್ತೇನೆ ಅಂತ ಸಾರಿದ್ದ. ಆಮೇಲೆ ಕಾಂಗ್ರೆಸ್ ಜನವರಿಯಲ್ಲಿ ಅರ್ಧ ಬಾಗಿಲು ತೆರೆಯಿತು, ಕೇಂಬ್ರಿಜ್‌ನಲ್ಲಿ ಈಗಾಗಲೇ ನಿಷ್ಠೆಯಿಂದ ದುಡಿದ ಸ್ವತಂತ್ರ ಕಪ್ಪು ಸಿಪಾಯಿಗಳನ್ನು ಮತ್ತೆ ಸೇರಿಸಿಕೊಳ್ಳಬಹುದು, ಬೇರೆಯವರನ್ನು ಬೇಡ ಅಂತ. ಸ್ವಾತಂತ್ರ್ಯದ ಯುದ್ಧದೊಳಗೆ ಯಾರಿಗೆ ಎಷ್ಟು ಸ್ವಾತಂತ್ರ್ಯ ಅನ್ನುವ ಜಗಳ, ಮೂರು ದಿನಾಂಕದಲ್ಲಿ.

ಹೆಂಗಸರ ವಿಷಯವೂ ಹೀಗೇ. ಸೈನ್ಯದ ಜೊತೆ ಸಿಪಾಯಿಗಳ ಹೆಂಡಿರು, ಮಕ್ಕಳು ನಡೆಯುತ್ತಿದ್ದರು. ಬಟ್ಟೆ ಒಗೆದವರು, ಗಾಯಾಳುಗಳನ್ನು ನೋಡಿಕೊಂಡವರು ಅವರು. 1777ರ ಆಗಸ್ಟ್ 4ರ ಆದೇಶ ಅವರನ್ನು, ಅದರಲ್ಲೂ ಬಸುರಿಯರನ್ನು ಮತ್ತು ಮಕ್ಕಳಿರುವವರನ್ನು, ಸೈನ್ಯದ ಓಡಾಟಕ್ಕೆ ಅಡ್ಡಿ ಅಂದಿತು. ಅದೇ ತಿಂಗಳು ಫಿಲಡೆಲ್ಫಿಯಾ ಊರಿನ ನಡುವೆ ಮೆರವಣಿಗೆ. ಟೋಪಿಗೆ ಹಸಿರು ಎಲೆ ಸಿಕ್ಕಿಸಿಕೊಳ್ಳಿ, ತಮ್ಮಟೆ ಕೊಳಲು ನುಡಿಸಿ, ಸಾಲು ಬಿಟ್ಟವನಿಗೆ 39 ಏಟು, ಸೈನ್ಯಕ್ಕೆ ಸೇರಿದ ಒಬ್ಬ ಹೆಂಗಸೂ ಊರಿನಲ್ಲಿ ಸಿಪಾಯಿಗಳ ಜೊತೆ ಕಾಣಿಸಕೂಡದು. ಕಾಣಿಸಕೂಡದು ಅಂತ ಬರೆದದ್ದರಿಂದಲೇ ಅವರು ಇದ್ದರು ಅನ್ನುವುದು ದಾಖಲೆಯಲ್ಲಿ ಉಳಿಯಿತು. ಹೆಸರು ಮಾತ್ರ ಉಳಿಯಲಿಲ್ಲ.

ಹೆಸರೇ ಬಾರದ ಇನ್ನೊಂದು ಗುಂಪಿನ ಬಗ್ಗೆ ಹೇಳಲೇಬೇಕು. 1779ರಲ್ಲಿ ಇದೇ ಜಾನ್ ಸಲಿವನ್ ನಾಯಕತ್ವದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಇರೊಕ್ವಾ ಜನರ ನಾಡಿನ ಮೇಲೆ ಸೈನ್ಯ ಹೋಯಿತು. ಬ್ರಿಟಿಷರ ಕಡೆ ನಿಂತ ಆ ಬುಡಕಟ್ಟುಗಳ ವಸತಿಗಳನ್ನೇ ಪೂರ್ತಿ ನಾಶ ಮಾಡಬೇಕು ಅನ್ನುವುದು ವಾಷಿಂಗ್ಟನ್ ಸಲಿವನ್‌ಗೆ ಕೊಟ್ಟ ಸೂಚನೆ. ಆ ದಂಡಯಾತ್ರೆಯ ದಿನದ ಆದೇಶಗಳಲ್ಲಿ ಕಾಣುವುದು ಎಷ್ಟು ಗಂಟೆಗೆ ಹೊರಡಬೇಕು, ಯಾವ ಬ್ರಿಗೇಡ್ ಮುಂದೆ, ಯಾವುದು ಹಿಂದೆ, ಇಂಥವು. ಆಗಸ್ಟ್ ಕೊನೆಯಲ್ಲಿ ನ್ಯೂಟೌನ್ ಕಾಳಗವಾದ ಮೇಲೆ, ಇನ್ನು ದಿನಕ್ಕೆ ಅರ್ಧ ಪೌಂಡ್ ಹಿಟ್ಟು, ಅರ್ಧ ಪೌಂಡ್ ಮಾಂಸದಲ್ಲಿ ನಡೆಸಿಕೊಂಡು ಹೋಗಲು ಒಪ್ಪುತ್ತೀರಾ ಅಂತ ಸಲಿವನ್ ಸಿಪಾಯಿಗಳನ್ನು ಕೇಳಿದ. ಅವರು ಹುರ್ರೇ ಅಂತ ಒಪ್ಪಿದರು. ಒಪ್ಪಬಹುದಿತ್ತು, ಯಾಕೆಂದರೆ ಸುತ್ತಲೂ ಆ ಜನ ಬೆಳೆದ ಮೆಕ್ಕೆಜೋಳ, ಬೀನ್ಸ್, ಕುಂಬಳ ಇತ್ತು. ತಿಂದು ಉಳಿದದ್ದನ್ನು ಸುಟ್ಟರು. ಕೊನೆಗೆ ಸಲಿವನ್ ಕೊಟ್ಟ ವರದಿಯಲ್ಲಿ 40 ಊರು ನಾಶ, 1,60,000 ಬುಷೆಲ್ ಮೆಕ್ಕೆಜೋಳ ನಾಶ ಅಂತಿದೆ. ಮನೆಮಠ ಕಳೆದುಕೊಂಡವರು ನಯಾಗರಾ ಕೋಟೆಯ ಸುತ್ತ ಬ್ರಿಟಿಷರ ಆಸರೆಗೆ ಬಂದರು, ಆ ಚಳಿಗಾಲ ಭೀಕರ ಚಳಿಗಾಲ, ಹಸಿವಿನಿಂದ, ಚಳಿಯಿಂದ ಬಹಳ ಜನ ಸತ್ತರು. ಆದೇಶ ಪುಸ್ತಕ ಸೈನ್ಯದ ದಾಖಲೆ. ಸೈನ್ಯ ಯಾರ ಮೇಲೆ ಹೋಯಿತೋ ಅವರು ಅದರೊಳಗೆ ಇರುವುದಿಲ್ಲ. ಇರೊಕ್ವಾ ಜನ ವಾಷಿಂಗ್ಟನ್‌ನನ್ನು ಊರು ನಾಶ ಮಾಡುವವನು ಅಂತಲೇ ಕರೆದರು. ಪೂರ್ತಿ ಪುಟ ಓದಿ ಅಂತ ನಾನು ಹೇಳುವಾಗ ಪುಟದ ಆಚೆ ಇರುವ ಇವರನ್ನೂ ಸೇರಿಸಿಯೇ ಹೇಳುತ್ತೇನೆ.

ಇವೆಲ್ಲ ನಮ್ಮ ಕಾಲದವರೆಗೆ ಹೇಗೆ ಬಂದವು? ಸರ್ಕಾರ ಜೋಪಾನ ಮಾಡಿದ್ದರಿಂದ ಅಂತ ಪೂರ್ತಿ ಹೇಳುವ ಹಾಗಿಲ್ಲ. 1800ರ ನವೆಂಬರ್ 8ರಂದು ಅಮೆರಿಕದ ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿದ್ದು ಅಲ್ಲಿದ್ದ ಕಾಗದ ಪತ್ರ ಸುಟ್ಟುಹೋದವು. ಆಮೇಲೆ 1818ರಲ್ಲಿ, 1832ರಲ್ಲಿ ಪಿಂಚಣಿ ಕಾನೂನು ಬಂದಾಗ ಮುದುಕರಾದ ಸಿಪಾಯಿಗಳು ತಾವು ದುಡಿದದ್ದಕ್ಕೆ ಪುರಾವೆ ಕೊಡಬೇಕಾಯಿತು. ಕೋರ್ಟಿನಲ್ಲಿ ನಿಂತು ಬಾಯಲ್ಲೇ ತಮ್ಮ ಕಥೆ ಹೇಳಿ ಬರೆಸಿದರು. ಕೆಲವು ಕುಟುಂಬಗಳು ಮದುವೆ, ಹುಟ್ಟು ಬರೆದಿಟ್ಟ ಬೈಬಲ್ ಹಾಳೆಯನ್ನೇ ಹರಿದು ಕಳಿಸಿದವು. ಇಂಥ 80,000ಕ್ಕೂ ಹೆಚ್ಚು ಕಡತಗಳು ಈಗಲೂ ಇವೆ.

ಆದೇಶ ಪುಸ್ತಕಗಳು ಉಳಿದದ್ದು ಹೆಚ್ಚಾಗಿ ಸಿಪಾಯಿಗಳು, ಅಧಿಕಾರಿಗಳು ಯುದ್ಧ ಮುಗಿದ ಮೇಲೆ ಮನೆಗೆ ಒಯ್ದದ್ದರಿಂದ. ಅಟ್ಟದ ಮೇಲೆ, ಪೆಟ್ಟಿಗೆಯಲ್ಲಿ ಕೂತವು. ಖಾಲಿ ಹಾಳೆಗಳಲ್ಲಿ ಮನೆಯ ಲೆಕ್ಕ ಬರೆದರು, ಮಕ್ಕಳು ಅಕ್ಷರ ತಿದ್ದಿದರು. ಕಾಗದ ದುಬಾರಿ, ಯಾರು ತಾನೆ ಬಿಸಾಡುತ್ತಾರೆ? ಆಮೇಲೆ ಒಂದೊಂದಾಗಿ ಗ್ರಂಥಾಲಯಗಳಿಗೆ ಬಂದವು. 1791ರಲ್ಲಿ ಶುರುವಾದ ಮಸಾಚುಸೆಟ್ಸ್ ಹಿಸ್ಟಾರಿಕಲ್ ಸೊಸೈಟಿ, 1804ರ ನ್ಯೂಯಾರ್ಕ್ ಹಿಸ್ಟಾರಿಕಲ್ ಸೊಸೈಟಿ, 1812ರ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿ, ಮಿಶಿಗನ್‌ನ ಕ್ಲೆಮೆಂಟ್ಸ್ ಲೈಬ್ರರಿ, ವಾಷಿಂಗ್ಟನ್ ನಗರದ ಸೊಸೈಟಿ ಆಫ್ ದ ಸಿನ್ಸಿನಾಟಿ, ಎಲ್ಲ ಕಡೆ ಒಂದಿಷ್ಟು ಇವೆ. ಸರ್ಕಾರವೂ 1870ರ ದಶಕದಿಂದ ಹುಡುಕಿ ಕೊಂಡುಕೊಂಡಿತು. ಅದೆಲ್ಲ ಈಗ ಅಲ್ಲಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ದಾಖಲೆ ಗುಂಪು 93.

ವಾಷಿಂಗ್ಟನ್‌ಗೆ ಮಾತ್ರ ಕಾಗದದ ಬೆಲೆ ಮೊದಲೇ ಗೊತ್ತಿತ್ತು. ಯುದ್ಧ ಇನ್ನೂ ನಡೆಯುತ್ತಿರುವಾಗಲೇ, 1781ರಲ್ಲಿ, ರಿಚರ್ಡ್ ವ್ಯಾರಿಕ್ ಅನ್ನುವವನ ಕೈಗೆ ತನ್ನ ಕಾಗದಗಳನ್ನು ಕೊಟ್ಟು ಒಳ್ಳೆಯ ಕೈಬರಹದಲ್ಲಿ ನಕಲು ಮಾಡಿಸಿದ. ಪೊಕಿಪ್ಸಿ ಊರಿನಲ್ಲಿ ಗುಮಾಸ್ತರು ಕೂತು ಎರಡು ವರ್ಷಕ್ಕೂ ಹೆಚ್ಚು ಬರೆದರು, 44 ಸಂಪುಟ ಆಯಿತು. ಈ ವ್ಯಾರಿಕ್ ಯಾರು ಗೊತ್ತಾ? ಒಂದು ವರ್ಷ ಹಿಂದೆ ದೇಶದ್ರೋಹ ಮಾಡಿ ಬ್ರಿಟಿಷರ ಕಡೆ ಓಡಿಹೋದ ಬೆನಡಿಕ್ಟ್ ಅರ್ನಾಲ್ಡ್‌ನ ಸಹಾಯಕನಾಗಿದ್ದವನು. ವಿಚಾರಣೆ ನಡೆದು ನಿರ್ದೋಷಿ ಅಂತ ಆಯಿತು. ಅಂಥವನ ಕೈಗೇ ವಾಷಿಂಗ್ಟನ್ ತನ್ನ ಎಲ್ಲ ಕಾಗದ ಒಪ್ಪಿಸಿದ ಅನ್ನುವುದು ನನಗೆ ಬಹಳ ದೊಡ್ಡ ವಿಷಯ.

ಕಾಗದ ಉಳಿದರೆ ಏನಾಗುತ್ತದೆ ಅನ್ನುವುದಕ್ಕೆ 1782ರ ಆಗಸ್ಟ್ 7ರ ಆದೇಶ ನೋಡಿ. ಸಾಮಾನ್ಯ ಸಿಪಾಯಿ ಏನಾದರೂ ಅಸಾಧಾರಣ ಕೆಲಸ ಮಾಡಿದರೆ, ಎಡ ಎದೆಯ ಮೇಲೆ ನೇರಳೆ ಬಣ್ಣದ ಬಟ್ಟೆಯ ಅಥವಾ ರೇಷ್ಮೆಯ ಹೃದಯದ ಗುರುತು ಧರಿಸಬಹುದು, ಅವನ ಹೆಸರನ್ನು ಒಂದು ಅರ್ಹತೆಯ ಪುಸ್ತಕದಲ್ಲಿ ದಾಖಲಿಸಬೇಕು ಅಂತ. ಅಧಿಕಾರಿಗಳಿಗಲ್ಲ, ಸಿಪಾಯಿಗಳಿಗೆ. ಪದಕ ಪಡೆದವರಲ್ಲಿ ನಮಗೆ ಖಚಿತವಾಗಿ ಗೊತ್ತಿರುವುದು ಮೂವರು ಸಾರ್ಜೆಂಟ್‌ಗಳು: ಎಲೈಜಾ ಚರ್ಚಿಲ್, ವಿಲಿಯಂ ಬ್ರೌನ್, ಡೇನಿಯಲ್ ಬಿಸೆಲ್. ಆ ಅರ್ಹತೆಯ ಪುಸ್ತಕ ಕಳೆದುಹೋಯಿತು. ಪದಕವನ್ನೂ ಜನ ಮರೆತರು. ಆದೇಶ ಉಳಿದಿತ್ತು. ಅದರ ಆಧಾರದ ಮೇಲೆ 1932ರಲ್ಲಿ, ವಾಷಿಂಗ್ಟನ್ ಹುಟ್ಟಿ 200 ವರ್ಷ ತುಂಬಿದ ದಿನ, ಪದಕಕ್ಕೆ ಮತ್ತೆ ಜೀವ ಬಂತು. ಅದೇ ಇವತ್ತಿನ ಪರ್ಪಲ್ ಹಾರ್ಟ್.

ಬ್ರಿಟಿಷರ ಜೊತೆ ಮತ್ತೆ ನಡೆದ 1812ರ ಯುದ್ಧದ ಕಾಲಕ್ಕೆ ಬಂದರೆ ಇದೇ ಪದ್ಧತಿ ಮುಂದುವರಿದಿದೆ, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಒಂದು ಘಟನೆ ಮಾತ್ರ ಬಿಡುವ ಹಾಗಿಲ್ಲ. ಟೆನೆಸಿಯ ಆರು ಜನ ಸಿಪಾಯಿಗಳು ತಮ್ಮ ಸೇವೆ ಮೂರೇ ತಿಂಗಳು ಅಂದರು, ಸೈನ್ಯ ಆರು ತಿಂಗಳು ಅಂದಿತು. ದಂಗೆ ಅಂತ ವಿಚಾರಣೆ ನಡೆದು ವಿಧಿಸಿದ ಮರಣದಂಡನೆಗೆ ಜನರಲ್ ಆಂಡ್ರ್ಯೂ ಜಾಕ್ಸನ್ ಒಪ್ಪಿಗೆ ಕೊಟ್ಟ. 1815ರ ಫೆಬ್ರವರಿ 21ರಂದು ಮೊಬೀಲ್‌ನಲ್ಲಿ ಗುಂಡಿಕ್ಕಿ ಕೊಂದರು. ಶಾಂತಿ ಒಪ್ಪಂದಕ್ಕೆ ಅಷ್ಟರಲ್ಲಿ ಸಹಿ ಬಿದ್ದಾಗಿತ್ತು. 1828ರಲ್ಲಿ ಜಾಕ್ಸನ್ ಅಧ್ಯಕ್ಷ ಚುನಾವಣೆಗೆ ನಿಂತಾಗ ವಿರೋಧಿಗಳು ಕಪ್ಪು ಶವಪೆಟ್ಟಿಗೆಗಳ ಚಿತ್ರದ ಕರಪತ್ರ ಹಂಚಿದರು. ಶಿಬಿರದ ಹಳೆಯ ಆದೇಶ ಹದಿಮೂರು ವರ್ಷದ ಮೇಲೆ ಚುನಾವಣೆಯ ಬೀದಿಗೆ ಬಂತು. ಆದರೂ ಜಾಕ್ಸನ್ ಗೆದ್ದ.

ಸಭೆಯಲ್ಲಿ ಒಬ್ಬರು, ಇದಕ್ಕೂ ನಮ್ಮ ನಾಡಿಗೂ ಏನಾದರೂ ನಂಟಿದೆಯಾ ಅಂತ ಕೇಳಿದರು. ಇದೆ, ನೇರವಾದದ್ದೇ. ಯಾರ್ಕ್‌ಟೌನ್‌ನಲ್ಲಿ 1781ರ ಅಕ್ಟೋಬರ್ 19ರಂದು ಯಾರ ಸೈನ್ಯ ಶರಣಾಯಿತೋ, ಆ ಬ್ರಿಟಿಷ್ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್ ಹತ್ತು ವರ್ಷ ತುಂಬುವ ಮೊದಲೇ ಬೆಂಗಳೂರಿಗೆ ಬಂದ. 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಬಿತ್ತು, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಯಾರ್ಕ್‌ಟೌನ್ ಶರಣಾಗತಿಯ ಮರುದಿನದ ಅಮೆರಿಕನ್ ಆದೇಶದಲ್ಲಿ ಏನಿದೆ ಅಂದರೆ, ಸಂತೋಷ ಎಲ್ಲರಿಗೂ ಮುಟ್ಟಲಿ ಅಂತ ಬಂಧನದಲ್ಲಿದ್ದ ಸಿಪಾಯಿಗಳಿಗೆಲ್ಲ ಕ್ಷಮೆ, ಅದರ ಮರುದಿನ ಪ್ರಾರ್ಥನೆ. ಇನ್ನೊಂದು ನಂಟು ಸಮುದ್ರದ್ದು. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಜನರಲ್ ಮಾಂಕ್ ಅನ್ನುವ ಹಡಗನ್ನು ಅಮೆರಿಕದ ಜೋಶುವಾ ಬಾರ್ನಿ ಹಿಡಿದ. ಅವನ ಹಡಗು ಪೆನ್ಸಿಲ್ವೇನಿಯಾದ್ದು, ಹೆಸರು ಹೈದರ್ ಅಲಿ. ಹೌದು, ನಮ್ಮ ಹೈದರನೇ. ಬ್ರಿಟಿಷರನ್ನು ಇಲ್ಲಿ ಕಾಡುತ್ತಿದ್ದವನ ಹೆಸರು ಅಲ್ಲಿನವರಿಗೆ ಬಾಯಿಪಾಠ ಆಗಿತ್ತು.

ಇನ್ನೊಬ್ಬರು, ಇಲ್ಲೇ ಕೂತು ಇವನ್ನು ಓದಬಹುದಾ ಅಂತ ಕೇಳಿದರು. ಧಾರಾಳವಾಗಿ ಓದಬಹುದು, ದುಡ್ಡೂ ಬೇಡ. ಫೌಂಡರ್ಸ್ ಆನ್‌ಲೈನ್ ಅನ್ನುವ ತಾಣದಲ್ಲಿ ವಾಷಿಂಗ್ಟನ್‌ನ ಆದೇಶಗಳು ಅಚ್ಚಿನ ಅಕ್ಷರದಲ್ಲಿ, ಟಿಪ್ಪಣಿ ಸಮೇತ ಇವೆ. ಮೂಲ ಹಾಳೆಗಳ ಚಿತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲೂ ನ್ಯಾಷನಲ್ ಆರ್ಕೈವ್ಸ್ ತಾಣದಲ್ಲೂ ಸಿಗುತ್ತವೆ. ಹಳೆಯ ಕೈಬರಹ ಮೊದಲು ಕಣ್ಣಿಗೆ ಹತ್ತುವುದಿಲ್ಲ, ಎಸ್ ಅಕ್ಷರ ಎಫ್ ಥರ ಉದ್ದಕ್ಕೆ ಇರುತ್ತದೆ, ಶಾಯಿ ಹಿಂದಿನ ಪುಟದಿಂದ ಇಳಿದಿರುತ್ತದೆ. ನಾನು ಹೊಸಬರಿಗೆ ಹೇಳುವುದು ಇಷ್ಟು: ಮೊದಲು ಒಂದು ದಿನದ ಆದೇಶವನ್ನು ಅಚ್ಚಿನಲ್ಲಿ ಎರಡು ಸಲ ಓದಿಕೊಳ್ಳಿ. ಆಮೇಲೆ ಅದೇ ದಿನದ್ದನ್ನು ಯಾವುದಾದರೂ ರೆಜಿಮೆಂಟಿನ ಕೈಬರಹದಲ್ಲಿ ಹುಡುಕಿ ಪಕ್ಕದಲ್ಲಿಟ್ಟುಕೊಂಡು ಓದಿ. ಏನಿದೆ ಅಂತ ಮೊದಲೇ ಗೊತ್ತಿರುವುದರಿಂದ ಅಕ್ಷರ ತಾನಾಗೇ ಬಿಡಿಸಿಕೊಳ್ಳುತ್ತದೆ, ಸಾರ್ಜೆಂಟ್ ಏನು ಬಿಟ್ಟ, ಏನು ತಪ್ಪು ಕೇಳಿಸಿಕೊಂಡ ಅನ್ನುವುದೂ ಕಾಣುತ್ತದೆ.

ಕೈ ಪಳಗಿದ ಮೇಲೆ ನೀವೂ ಕೆಲಸಕ್ಕೆ ಕೂರಬಹುದು. ನ್ಯಾಷನಲ್ ಆರ್ಕೈವ್ಸ್ ತನ್ನ ಹಳೆಯ ಹಾಳೆಗಳನ್ನು ಟೈಪ್ ಮಾಡಿಕೊಡಲು ಸಾರ್ವಜನಿಕರನ್ನು ಕರೆಯುತ್ತದೆ. 2023ರಿಂದ ಸ್ವಾತಂತ್ರ್ಯ ಯುದ್ಧದ ಪಿಂಚಣಿ ಕಡತಗಳಿಗೆ ಅಂತಲೇ ಒಂದು ಯೋಜನೆ ನಡೆಯುತ್ತಿದೆ. ಅಲ್ಲಿಯ ಮುಖ್ಯ ನಿಯಮ ಒಂದೇ, ಹಾಳೆಯಲ್ಲಿ ಹೇಗಿದೆಯೋ ಹಾಗೇ ಬರೆಯಬೇಕು. ಕಾಗುಣಿತ ತಪ್ಪಿದ್ದರೂ ತಿದ್ದುವ ಹಾಗಿಲ್ಲ.